ಮಧ್ಯಾಹ್ನದ ಬ್ಯಾಚಿನ ಸರಿಯುತ್ತರ

ಮೂಡುಬಿದಿರೆಯ ಆ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆಗೆ ತಯಾರಾಗುವ ಕ್ರಮ ಬಹಳ ಸರಳವಾಗಿತ್ತು. ಬೆಳಗ್ಗಿನ ಬ್ಯಾಚಿನವರು ಲ್ಯಾಬಿನಿಂದ ಇಳಿದು ಬರುವಾಗ ಮಧ್ಯಾಹ್ನದ ಬ್ಯಾಚಿನವರು ಕೆಳಗೆ ನಿಂತಿರಬೇಕು. ಇಳಿಯುವವರು ಒಂದು ಸಂಖ್ಯೆ ಹೇಳುತ್ತಾರೆ, ಹತ್ತುವವರು ಅದನ್ನು ಬಾಯಿಪಾಠ ಮಾಡುತ್ತಾರೆ. ಇದನ್ನು ಕಾಪಿ ಎಂದು ಯಾರೂ ಕರೆಯುತ್ತಿರಲಿಲ್ಲ. ಬಸ್ಸಿನಲ್ಲಿ ಸೀಟು ಹಿಡಿದುಕೊಟ್ಟಂತೆ ಇದೊಂದು ಉಪಕಾರ, ಅಷ್ಟೆ.

ತೊಂಬತ್ತೆಂಟನೇ ಇಸವಿಯ ಆ ಮಧ್ಯಾಹ್ನ ಕೈಗೆ ಬಂದ ಸಂಖ್ಯೆ ಒಂಬತ್ತು ಪಾಯಿಂಟ್ ಎಂಟು.

ಕಕ್ಕಿಂಜೆಯ ಮಿಸ್ರಿಯಾಳೂ ಅದನ್ನು ಮನಸ್ಸಿನಲ್ಲಿ ಬರೆದುಕೊಂಡೇ ಒಳಗೆ ಹೋದಳು. ಗೈಡುಗಳನ್ನು ಅಚ್ಚಿನ ತಪ್ಪುಗಳ ಸಮೇತ ಒಪ್ಪಿಸಬಲ್ಲ ಹುಡುಗಿ ಅವಳು. ಅಂಗಡಿ ಇಟ್ಟುಕೊಂಡಿದ್ದ ಅವಳ ಅಪ್ಪ ಮೊಯಿದಿನಬ್ಬ, ಮಗಳು ಡಾಕ್ಟರಾಗುತ್ತಾಳೆಂದು ಬಂದ ಗಿರಾಕಿಗಳಿಗೆಲ್ಲ ಹೇಳಿದ್ದ; ಮೊಣಕಾಲು ನೋವಿನ ಒಂದಿಬ್ಬರಿಗೆ ಸ್ವಲ್ಪ ವರ್ಷ ಕಾಯುವಂತೆ ಸಲಹೆಯನ್ನೂ ಕೊಟ್ಟಿದ್ದ. ಪ್ರಾಕ್ಟಿಕಲ್‌ನಲ್ಲಿ ಒಂದು ಮಾರ್ಕು ಹೋದರೆ ಮೆಡಿಕಲ್ ಸೀಟೇ ಹೋಯಿತು ಎಂದು ಹಾಸ್ಟೆಲಿನಲ್ಲಿ ಎಲ್ಲರೂ ನಂಬಿದ್ದರು. ಮಿಸ್ರಿಯಾ ಅದನ್ನು ನಂಬಿ ಆ ವಾರವಿಡೀ ಸರಿಯಾಗಿ ಊಟ ಮಾಡಿರಲಿಲ್ಲ.

ಪ್ರಯೋಗ ದೊಡ್ಡದಲ್ಲ. ಮೇಲೆ ಅಳತೆಗೆರೆಗಳ ಗಾಜಿನ ನಳಿಕೆ ಬ್ಯೂರೆಟ್ಟಿನಲ್ಲಿ ನೇರಳೆ ದ್ರಾವಣ, ಕೆಳಗೆ ಫ್ಲಾಸ್ಕಿನಲ್ಲಿ ನೀರಿನಂಥದು. ಮೇಲಿನದನ್ನು ಹನಿಹನಿಯಾಗಿ ಬಿಟ್ಟರೆ ಬಣ್ಣ ಬಿದ್ದಲ್ಲೇ ಮಾಯವಾಗುತ್ತ ಹೋಗುತ್ತದೆ. ಯಾವುದೋ ಒಂದು ಹನಿಗೆ ತಿಳಿಗುಲಾಬಿ ಹಾಗೆಯೇ ನಿಂತುಬಿಡುತ್ತದೆ. ಅಷ್ಟರಲ್ಲಿ ಎಷ್ಟು ಮಿಲಿಲೀಟರ್ ಇಳಿಯಿತೋ ಅದೇ ಉತ್ತರ. ಹೀಗೆ ಮೂರು ಸಲ ಮಾಡಬೇಕು. ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಕೊನೆಗೆ ಪೆನ್ನಿನಲ್ಲಿ ಬರೆಯಬೇಕು. ಉತ್ತರ ಮೊದಲೇ ಗೊತ್ತಿರುತ್ತಿದ್ದುದರಿಂದ ವರ್ಷವಿಡೀ ಆ ಗುಲಾಬಿಯನ್ನು ಯಾರೂ ಸರಿಯಾಗಿ ನೋಡಿರಲಿಲ್ಲ.

ಮಿಸ್ರಿಯಾ ಒಂಬತ್ತು ಪಾಯಿಂಟ್ ಎಂಟಕ್ಕೆ ನಿಲ್ಲಿಸಿದಳು. ಫ್ಲಾಸ್ಕಿನಲ್ಲಿ ನೀರು ನೀರಾಗಿಯೇ ಇತ್ತು.

ಪಕ್ಕದಲ್ಲಿ ಬ್ರಾಹ್ಮಿ ಆಗಲೇ ಮೂರೂ ಸಾಲು ತುಂಬಿಸಿ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಊರಿನ ಬಸದಿಯ ಹತ್ತಿರದ ಮನೆಯವಳು, ಯಾವುದಕ್ಕೂ ಹೆದರದವಳು.

“ನಿಂದಾಯ್ತಾ?”

“ಇಲ್ಲ. ಬಣ್ಣ ಬರ್ಲಿಲ್ಲ.”

“ಬಣ್ಣ ಬಂದು ಏನಾಗ್ಬೇಕು ಮಾರಾಯ್ತಿ? ನಂಬರ್ ಉಂಟಲ್ಲ.”

ಮಿಸ್ರಿಯಾ ಇನ್ನಷ್ಟು ಬಿಟ್ಟಳು. ಹನ್ನೆರಡು ಪಾಯಿಂಟ್ ಆರಕ್ಕೆ ಗುಲಾಬಿ ನಿಂತಿತು. ಎಲ್ಲ ತೊಳೆದು ಮತ್ತೆ ಮಾಡಿದಳು. ಮತ್ತೆ ಅದೇ. ಇಡೀ ಲ್ಯಾಬು ಒಂಬತ್ತು ಎಂಟು ಬರೆಯುತ್ತಿರುವಾಗ ತಪ್ಪು ತನ್ನದೇ ಇರಬೇಕಲ್ಲ? ಸುಳ್ಳು ಬರೆಯುವ ಧೈರ್ಯ ಅವಳಿಗಿರಲಿಲ್ಲ, ನಿಜ ಬರೆಯುವ ಧೈರ್ಯವೂ ಇರಲಿಲ್ಲ. ಆದ್ದರಿಂದ ಹನ್ನೆರಡು ಆರು ಎಂದು ಎರಡು ಸಲ, ಯಾರಿಗೂ ಕಾಣದಷ್ಟು ತೆಳ್ಳಗೆ, ಪೆನ್ಸಿಲಿನಲ್ಲಿ ಬರೆದಳು.

ಉಪನ್ಯಾಸಕ ಸಂಪತ್‌ಕುಮಾರರಿಗೆ ಅದು ಕಂಡೇಬಿಟ್ಟಿತು.

“ಇದೆಂಥದು? ಎಲ್ಲರಿಗೂ ಒಂಬತ್ತು ಎಂಟು, ನಿನಗೊಬ್ಬಳಿಗೆ ಬೇರೆಯಾ? ಪಿಪೆಟ್ ತೊಳೆದಿದ್ದೀಯಾ?”

“ತೊಳೆದಿದ್ದೇನೆ ಸರ್. ಎರಡು ಸಲವೂ ಬಣ್ಣ ಅಲ್ಲೇ ನಿಂತಿತು.”

ಬೈಯಲು ಬಾಯಿ ತೆರೆದವರ ಕಣ್ಣು ಅವಳ ಮೇಜಿನ ಬಾಟ್ಲಿಯ ಮೇಲೆ ಬಿತ್ತು. ಬಾಯಿ ತೆರೆದೇ ಉಳಿಯಿತು.

“ಅಯ್ಯೋ ದೇವ್ರೇ,” ಎಂದರು, ಅವಳಿಗಷ್ಟೇ ಕೇಳುವ ಹಾಗೆ. “ಬೆಳಗ್ಗಿನದು ಮುಗಿದು ಊಟದ ಹೊತ್ತಿಗೆ ಹೊಸತು ಮಾಡಿದ್ದಲ್ವಾ ನಾನು!”

ಹೊಸ ದ್ರಾವಣಕ್ಕೆ ಹೊಸ ಉತ್ತರ ಬೇಕು. ಅದನ್ನು ಮೊದಲು ತಾವೇ ಪರೀಕ್ಷಿಸಿ ಇಡಬೇಕಿತ್ತು. ಊಟದ ಗಡಿಬಿಡಿಯಲ್ಲಿ ಮರೆತಿದ್ದರು. ಲ್ಯಾಬಿನ ಆ ಕಡೆ, ಫ್ಯಾನಿನ ಕೆಳಗೆ, ಹೊರಗಿನಿಂದ ಬಂದ ಪರೀಕ್ಷಕರು ಎಳನೀರಿನ ಬೊಂಡ ಕುಡಿಯುತ್ತಿದ್ದರು. ಸಂಪತ್‌ಕುಮಾರರು ಒಮ್ಮೆ ಆ ಕಡೆ ನೋಡಿದರು. ಅವರು ಕೈ ಹಿಂದೆ ಕಟ್ಟಿ ಮೇಜುಗಳ ನಡುವೆ ಜಪ ಮಾಡುವವರಂತೆ ನಡೆದರು: “ಹನ್ನೆರಡು ಆರು… ಹನ್ನೆರಡು ಆರು…” ಲ್ಯಾಬಿನ ತುಂಬ ರಬ್ಬರು ಉಜ್ಜುವ ಸದ್ದೆದ್ದಿತು. ಕೊನೆಗೆ ಪರೀಕ್ಷಕರ ಕಿವಿಯಲ್ಲೂ ಅದನ್ನೇ ಹೇಳಿದರು. ಅವರು ಬೊಂಡ ಕೆಳಗಿಟ್ಟು, ಸರಿಯುತ್ತರ ಎಂದು ಬರೆದುಕೊಂಡರು.

ಮಿಸ್ರಿಯಾಳಿಗೆ ನಿರಾಳವಾಗಬೇಕಿತ್ತು. ಆಗಲಿಲ್ಲ. ಈತನಕ ತಪ್ಪಾದರೆ ಹೋಗುವುದು ತನ್ನ ಸೀಟು ಮಾತ್ರ. ಈಗ ಇಡೀ ಬ್ಯಾಚು ಅವಳ ಎರಡು ಕಣ್ಣಿಗೆ ಜೋತುಬಿದ್ದಿತ್ತು. ಗುಲಾಬಿ ನಿಜವಾಗಿ ನಿಂತಿತ್ತೇ, ಕಿಟಕಿಯ ಬಿಸಿಲು ಹಾಗೆ ಕಾಣಿಸಿತೇ? ಅಳತೆಯ ಗೆರೆಯನ್ನು ಕಣ್ಣಿನ ಮಟ್ಟಕ್ಕೇ ಹಿಡಿದು ನೋಡಿದ್ದಳೇ? ಬೇರೆ ಯಾರೂ ಮಾಡಿ ನೋಡಿರಲಿಲ್ಲ. ಸರ್ ಕೂಡ.

ಸರ್ ಮರಳಿ ಬಂದಾಗ ದನಿ ಬೆಣ್ಣೆಯಾಗಿತ್ತು. “ಮೂರನೆಯದ್ದೂ ಅದನ್ನೇ ಬರೆದುಬಿಡು ಮಗಾ. ಟೈಮಿಲ್ಲ.”

ಅವಳಿಗಾಗಲಿಲ್ಲ. ಮತ್ತೆ ತುಂಬಿಸಿದಳು, ಮತ್ತೆ ಬಿಟ್ಟಳು. ಕೊನೆಯ ಹನಿಗಳನ್ನು ಉಸಿರು ಹಿಡಿದು ಬಿಟ್ಟಳು. ಗುಲಾಬಿ ನಿಂತಿತು. ಬಗ್ಗಿ ಗೆರೆ ನೋಡಿದಳು: ಹನ್ನೆರಡು ಪಾಯಿಂಟ್ ಐದು. ಎಡದಿಂದ ನೋಡಿದಳು, ಬಲದಿಂದ ನೋಡಿದಳು, ಆರಾಗು ಎಂದು ಬೇಡಿಕೊಂಡಳು. ಅದು ಐದರಲ್ಲೇ ಕೂತಿತ್ತು.

ಆರು ಎಂದು ಬರೆದರೆ ಕೇಳುವವರು ಯಾರೂ ಇಲ್ಲ. ಅದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಹೆದರಿಕೊಂಡೇ ಪೆನ್ನು ತೆಗೆದು ಐದು ಎಂದು ಬರೆದಳು.

ಪರೀಕ್ಷಕರು ಬಂದರು. ಬ್ರಾಹ್ಮಿಯ ಕಾಗದದಲ್ಲಿ ಆರು, ಆರು, ಆರು. “ಒಳ್ಳೇ ಕೈ,” ಎಂದರು. ಮಿಸ್ರಿಯಾಳದ್ದನ್ನು ಎತ್ತಿ ಹುಬ್ಬು ಗಂಟಿಕ್ಕಿದರು.

“ಇಡೀ ಬ್ಯಾಚಿಗೆ ಬಂದದ್ದು ನಿನಗೆ ಯಾಕೆ ಬರ್ಲಿಲ್ಲ?”

ಸಂಪತ್‌ಕುಮಾರರು ಕಿಟಕಿಯ ಹೊರಗೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಮಿಸ್ರಿಯಾ ಫ್ಲಾಸ್ಕಿನ ಕಡೆ ಕೈ ತೋರಿಸಿದಳು.

“ಮೂರನೇ ಸಲ ಐದಕ್ಕೇ ನಿಂತಿತು ಸರ್.”

“ಪ್ರಾಕ್ಟೀಸ್ ಸಾಲದು,” ಎಂದ ಅವರು ಏನೋ ಗೀಚಿ ಮುಂದೆ ಹೋದರು. ಎಷ್ಟು ಮಾರ್ಕು ಹೋಯಿತೆಂದು ಅವಳಿಗೆ ಕಾಣಲಿಲ್ಲ.

ಹೊರಗೆ ಕೈ ತೊಳೆಯುವ ನಳ್ಳಿಯ ಹತ್ತಿರ ಬ್ರಾಹ್ಮಿ ಅವಳ ಭುಜದ ಮೇಲೆ ಕೈಯಿಟ್ಟಳು. ಅವಳ ಮುಖದಲ್ಲಿ ನಿಜವಾದ ಮರುಕವಿತ್ತು.

“ನಮಗೆಲ್ಲ ಮೂರು ಸಲವೂ ಆರೇ ಬಂತಲ್ಲ ಮಾರಾಯ್ತಿ,” ಎಂದಳು. “ನೀನು ಇನ್ನೂ ಸ್ವಲ್ಪ ಸರಿಯಾಗಿ ನೋಡ್ಬೇಕಿತ್ತು.”