ಛತ್ತು ಯಾರದು

ಮಗ್ಗದ ಮೇಲೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯಲ್ಲಿ ನಿಂತ ನೀರನ್ನು ಅರಿವೆಯಿಂದ ಹೀರಿ ಬಕೆಟ್ಟಿಗೆ ಹಿಂಡಿದೆ. ಕೆಳಗಿನ ಮನೆ ನಮ್ಮದು, ಮೇಲಿನದು ನಾಗಲಿಂಗ ಕಾಕಾ ಅವರದು. ಅವರ ಬಚ್ಚಲಿನ ಪೈಪು ಒಡೆದು ನಮ್ಮ ಛತ್ತು ಸೋರುತ್ತಿತ್ತು. ಮಗ್ಗದಲ್ಲಿ ಅಬ್ಬಾ ಇಳಕಲ್ ಸೀರೆಯ ರೇಷ್ಮೆ ಸೆರಗನ್ನು ಅರ್ಧ ನೇಯ್ದಿದ್ದರು. ನೀರು ಬಿದ್ದರೆ ಕೆಂಪು ಬಣ್ಣ ಬಿಳಿ ಪಟ್ಟಿಗೆ ಇಳಿಯುತ್ತದೆ. ಆಮೇಲೆ ಆ ಸೀರೆಯನ್ನು ಯಾರೂ ಕೊಳ್ಳುವುದಿಲ್ಲ.

ಗಾರೆ ಕೆಲಸದ ಗೌಂಡಿ ಬಂದು ನೋಡಿ, ಮೇಲಿನ ನೆಲದ ಫರಸಿ ಕಲ್ಲು ಒಡೆದರೆ ಸಾಕು ಎಂದ.

"ನನ್ನ ಫರಸಿ ಮುಟ್ಟಬ್ಯಾಡ," ನಾಗಲಿಂಗ ಕಾಕಾ ನಮ್ಮ ಬಾಗಿಲಲ್ಲೇ ನಿಂತು ಹೇಳಿದರು. "ಪೈಪು ಛತ್ತಿನಾಗೈತಿ. ಛತ್ತು ಸಾಬರದು. ಕೆಳಗಿಂದ ಒಡಿ."

"ಕಾಂಕ್ರೀಟು ಮಗ್ಗದ ಮ್ಯಾಲ ಬೀಳತೈತ್ರಿ," ಎಂದ ಗೌಂಡಿ.

"ಮಗ್ಗ ಎತ್ತಿ ಬಾಜೂಕ ಇಡ್ಲಿ."

ಅಬ್ಬಾಗೆ ಸಿಟ್ಟು ನೆತ್ತಿಗೇರಿತು. "ಕುಣಿ ಮಗ್ಗ ನೆಲದಾಗ ಹುಗದೈತಿ ನಾಗಲಿಂಗಪ್ಪ, ಅದೇನು ಖುರ್ಚಿ ಏನು? ಛತ್ತು ನಂದಂದ್ರ ನಿನ್ನ ನೆಲಾ ಒಯ್ದು ಗಾಳ್ಯಾಗ ಹಾಸ್ಕೋ."

"ಅಹ್ಮದಸಾಬ, ಬಾಯಿ ಹಿಡದು ಮಾತಾಡ್ರಿ."

"ನೀ ಮೊದಲ ನೀರು ಹಿಡಿ."

"ಇಬ್ರೂ ಹೂಂ ಅಂದಾಗ ಕರೀರಿ," ಎಂದು ಗೌಂಡಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹೋಗಿಬಿಟ್ಟ.

ಅಷ್ಟರಲ್ಲಿ ಮೇಲೆ ಯಾರೋ ನಳ ಬಿಟ್ಟರು. ಹಾಳೆಯ ಅಂಚಿನಿಂದ ನೀರು ಜಾರತೊಡಗಿತು. ಅಬ್ಬಾ ಎರಡೂ ಅಂಗೈಗಳನ್ನು ಸೆರಗಿನ ಮೇಲೆ ಅಡ್ಡ ಹಿಡಿದರು.

ದೊಡ್ಡವರ ನಡುವೆ ನಾನು ಮಾತಾಡುವವಳಲ್ಲ. ಆದರೂ ಕೇಳಿದೆ.

"ಕಾಕಾರ, ಈ ಸೆರಗು ಮುಗಿಯೂತನಕ ಆ ಬಚ್ಚಲ ಬಳಸಬ್ಯಾಡ್ರಿ."

ಕಾಕಾ ಮೆಟ್ಟಿಲು ಹತ್ತಿ ಹೋದರು. ಮೇಲೆ ನಳದ ಸದ್ದು ನಿಂತಿತು. ಅಬ್ಬಾ ನನ್ನ ಕಡೆ ತಿರುಗದೆ ಅಂಗೈಯ ನೀರನ್ನು ಬಕೆಟ್ಟಿಗೆ ಕೊಡವಿದರು.