ಬಿಳಿ ಉಡುಪಿನ ಲುವೀನಿಯಾ

"ಭಾನ್ವಾರಾನೂ ಬಿಡಲ್ವಾ? ಎಷ್ಟ್ ಏರ್ಸ್ಕೊಂಡ್ ಬಂದವ್ಳೆ ಇವ್ಳು?"

ಮಿಸಿಸಿಪ್ಪಿಯ ಆ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಬಿಳಿ ಹೆಂಗಸು ತಲೆ ಎತ್ತದೆ ಕೇಳಿದಳು. ಗಾಲಿಕುರ್ಚಿಯಲ್ಲಿದ್ದ ಜೊರೀನಳ ಬಾಯಿ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು. ಹೆಂಡ ಹಾಗಿರಲಿ, ಅದರ ವಾಸನೆ ಮೂಸಿದರೂ ಪಾಪ ಎನ್ನುವವಳು ಅವಳು.

"ಕುಡ್ದಿಲ್ಲ ಕಣಮ್ಮ, ಲಕ್ವ ಹೊಡ್ದದೆ ನನ್ ತಂಗೀಗೆ," ಎಂದಳು ಲುವೀನಿಯಾ. ಹೋಗಿ ಕೂತ್ಕೊಳ್ಳಿ, ಕರೀತೀವಿ ಎಂದು ಉತ್ತರ ಬಂತು.

ತಡವಾದದ್ದರಲ್ಲಿ ಅರ್ಧ ತಪ್ಪು ತಮ್ಮವರದ್ದೇ. ಬೆಳಿಗ್ಗೆ ತಮ್ಮ ಕರಿಯರ ಚರ್ಚಿನಲ್ಲಿ ಹಾಡಿನ ನಡುವೆ ಜೊರೀನ್ ತೂರಾಡಿದಾಗ ಮೈಮೇಲೆ ದೇವರು ಬಂದಿದೆ ಎಂದುಕೊಂಡು ಎಲ್ಲರೂ ಚಪ್ಪಾಳೆ ಜೋರು ಮಾಡಿದ್ದರು. ಪಾದ್ರಿಯಂತೂ ಹುರುಪಿನಲ್ಲಿ ಇನ್ನೆರಡು ಚರಣ ಹೆಚ್ಚಿಗೆ ಹಾಡಿಸಿದ. ಹಾಗೆ ದೇವರು ಬಂದವರಿಗೆ ಗಾಳಿ ಬೀಸಿ ನೀರು ಕುಡಿಸುವುದು ಚರ್ಚಿನ ಸೇವಕಿಯಾಗಿ ಬಿಳಿ ಉಡುಪು ತೊಟ್ಟ ಲುವೀನಿಯಾಳ ಕೆಲಸ. ಬೀಸಲು ಬಗ್ಗಿದಾಗಲೇ ಅವಳಿಗೆ ತಂಗಿಯ ಬಾಯಿ ಕಂಡದ್ದು.

ಲಕ್ವಕ್ಕೆ ಸೂಜಿಮದ್ದಿದೆ, ಬೇಗ ಕೊಟ್ಟರೆ ಕೈಕಾಲು ಉಳಿದೀತು ಎಂದು ಅವಳು ಕೇಳಿದ್ದಳು. ಗಂಡ ಕ್ಲೀವನ್ ಎದೆನೋವೆಂದು ಬಂದು ಇದೇ ಕುರ್ಚಿಗಳ ಸಾಲಿನಲ್ಲಿ ನಾಲ್ಕು ಗಂಟೆ ಕೂತು ಸತ್ತಿದ್ದ. ನೀವು ಉಪ್ಪು ಹಾಕಿದ ಹಂದಿಮಾಂಸ ಜಾಸ್ತಿ ತಿಂತೀರಿ ಎಂದು ಡಾಕ್ಟರು ಆಮೇಲೆ ಬುದ್ಧಿ ಹೇಳಿದ. ಹೆಣಕ್ಕೂ ಪಥ್ಯ ಹೇಳುವ ಜನ. ಆ ಸಿಟ್ಟು ಅವಳಲ್ಲಿ ಇನ್ನೂ ಆರಿರಲಿಲ್ಲ.

ಮುಕ್ಕಾಲು ಗಂಟೆಯಾಯಿತು. ಬೆರಳು ಜುಮ್ಮೆನ್ನುತ್ತದೆ ಎಂದು ನಡೆದೇ ಬಂದ ಬಿಳಿಯನೊಬ್ಬನನ್ನು ಅತ್ತೆಮನೆಗೆ ಬಂದ ಅಳಿಯನಂತೆ ಒಳಗೆ ಕರೆದುಕೊಂಡರು. "ಇವ್ರ ಮನೆ ಹಾಳಾಗ," ಎಂದು ಲುವೀನಿಯಾ ಗಾಲಿಕುರ್ಚಿ ದೂಡಿಕೊಂಡು ಒಳಬಾಗಿಲಿಗೆ ಹೋದಳು.

ಅಲ್ಲಿದ್ದ ಕಾವಲುಗಾರ ಹೊಸಬ. ಅವಳ ಬಿಳಿ ಟೋಪಿ, ಬಿಳಿ ಕೈಗವಸು, ಗಂಜಿ ಹಾಕಿದ ಉಡುಪು ನೋಡಿ ದಡಬಡಿಸಿ ಎದ್ದ. "ಒಳಗ್ ಹೋಗ್ಬೇಕಾ ನರ್ಸಮ್ಮ?"

ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ. "ಬಾಗ್ಲು ಹಿಡ್ಕೊ," ಎಂದಳು.

ಒಳಗೆ ಕಾಫಿ ಹೀರುತ್ತಿದ್ದ ಡಾಕ್ಟರಿಗೆ, ಲಕ್ವ, ಹನ್ನೊಂದೂವರೆಗೆ ಹೊಡೆದದ್ದು, ಎಂದು ಚರ್ಚಿನ ಪ್ರಕಟಣೆ ಓದುವ ಗತ್ತಿನಲ್ಲಿ ಹೇಳಿದಳು. ಅವನು ಕಾಫಿ ಬಿಟ್ಟು ಓಡಿಬಂದ. ತಲೆಯ ಚಿತ್ರ ತೆಗೆದು ತಂಗಿಗೆ ಸೂಜಿ ಚುಚ್ಚಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಅವಳಿಗೆ ಅಳು ಬಂದದ್ದು. ಅಷ್ಟರಲ್ಲಿ ಯಾರೋ, ನೀನು ಯಾವ ವಾರ್ಡಿನವಳು ಎಂದು ಕೇಳಿದರು. ಕಣ್ಣೊರೆಸಿಕೊಂಡು, ಖಾಲಿ ಕುರ್ಚಿ ತಳ್ಳಿಕೊಂಡು ಹೊರಗೆ ಬಂದಳು.

"ಎಲ್ರಿಗಿಂತ ಮೊದ್ಲು ಬಂದೋರ್ ಯಾರು?"

ಸಾಲಿನಲ್ಲಿದ್ದ ಕಪ್ಪು ಮುಖಗಳು ಒಂದನ್ನೊಂದು ನೋಡಿಕೊಂಡವು. ಎದೆ ಅದುಮಿಕೊಂಡಿದ್ದ ಮುದುಕನೊಬ್ಬ ಮೆಲ್ಲಗೆ ಕೈಯೆತ್ತಿದ.

ಚೀಟಿಯ ಹೆಂಗಸು ಪೊಲೀಸರಿಗೆ ಫೋನು ಹಚ್ಚಿದಳು. ಕರಿಯರ ಮೇಲಿನ ದೂರಿಗೆ ಪೊಲೀಸರು ತಡ ಮಾಡುವವರಲ್ಲ ಎಂದು ಲುವೀನಿಯಾಳಿಗೆ ಗೊತ್ತು. ಆದರೂ ಅವರು ಬರುವುದರೊಳಗೆ ಇನ್ನೂ ಮೂವರನ್ನಾದರೂ ಒಳಗೆ ತಳ್ಳಬಹುದು.

"ಬೇಗ ಹತ್ತು ತಾತ," ಎಂದಳು.