ತಟ್ಟೆಯಣ್ಣನ ಬೆಳಗಿನ ಹಾಡು

ಹಾಡಿನ ಯಂತ್ರದ ಹಳೇ ಬೆಲ್ಟು ರಿಪೇರಿಯ ಸ್ಕ್ರೂ ಮಾಮನ ಕೈಯಲ್ಲೇ ಎರಡು ತುಂಡಾಯಿತು. ಎಳೆದು ನೋಡಿದ್ದಷ್ಟೇ, ಜೋರೇನೂ ಮಾಡಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಎದುರಂಗಡಿಯ ಕ್ಷೌರದವನು "ಹೋಯ್ತಾ?" ಎಂದ. ಮಾಮ ತುಂಡುಗಳನ್ನು ಪಕ್ಕಕ್ಕಿಟ್ಟ. ಸಂಜೆಗೆ ಇಡೀ ಬೀದಿ ಈ ಅಂಗಡಿಯಲ್ಲಿ ಸೇರುವುದಿತ್ತು. ಬಂದವರಿಗೆಲ್ಲ ಒಂದೇ ಒಂದು ಹಾಡು ಕೇಳಿಸಬೇಕಿತ್ತು, ಮತ್ತು ಅದನ್ನು ತಿರುಗಿಸಬೇಕಾದ ಯಂತ್ರ ಹೊಟ್ಟೆ ಬಿಚ್ಚಿಕೊಂಡು ಮೇಜಿನ ಮೇಲೆ ಮಲಗಿತ್ತು.

ಅಂಗಡಿಯ ಯಜಮಾನ ತೀರಿಕೊಂಡು ಇನ್ನೂ ವಾರವಾಗಿರಲಿಲ್ಲ. ರೆಕಾರ್ಡು, ಅಂದರೆ ಹಾಡಿನ ತಟ್ಟೆ, ಮಾರುತ್ತಿದ್ದವನಾದ್ದರಿಂದ ಊರಿಗೆಲ್ಲ ಅವನು ತಟ್ಟೆಯಣ್ಣ. ಹೆತ್ತವರಿಟ್ಟ ಹೆಸರು ಹೆತ್ತವರ ಜೊತೆಗೇ ಹೋಗಿತ್ತು. ಮಾರುತ್ತಿದ್ದ ಎನ್ನುವುದೂ ಸ್ವಲ್ಪ ಹೆಚ್ಚಾಯಿತೇನೋ. ಹಾಡು ಕೇಳಲು ಬಂದವನನ್ನು ಕೊಳ್ಳುತ್ತೀಯಾ ಎಂದು ಕೇಳಬಾರದು ಅನ್ನುವುದು ಅವನ ವ್ಯಾಪಾರ ನೀತಿ. ಬರಿಗೈಯಲ್ಲಿ ಬಂದು ಮಧ್ಯಾಹ್ನವೆಲ್ಲ ಹಾಡು ಕೇಳಿ, ಬರಿಗೈಯಲ್ಲೇ ಎದ್ದು ಹೋದವರಿಗೆ ಲೆಕ್ಕವಿಲ್ಲ. ಈಗ ಅವರೆಲ್ಲ ಬಂದು ಮುಚ್ಚಿದ ಷಟರ್ ಮುಂದೆ ಹೂವಿಟ್ಟು ಹೋಗುತ್ತಿದ್ದರು. ಬೆಳಿಗ್ಗೆ ಹಾಡು ಕೇಳಿಸದೆ ಕತ್ತರಿಯೇ ಆಡುವುದಿಲ್ಲವೆಂದು ಕ್ಷೌರದವನು ಒಬ್ಬನ ಕಿವಿಗೆ ಗಾಯ ಮಾಡಿದ್ದ. ಗಾಯವಾದವನೂ ಜಗಳಕ್ಕೆ ಬರಲಿಲ್ಲ, ಹೋಗಲಿ ಬಿಡು ಎಂದು ಕಿವಿ ಒರೆಸಿಕೊಂಡು ಹೋದ.

ಆದರೆ ಮಾಮನನ್ನು ಸುಡುತ್ತಿದ್ದ ಚಿಂತೆ ಬೀದಿಯದಲ್ಲ, ಮಹಡಿಯ ಮೇಲಿನದು. ತಟ್ಟೆಯಣ್ಣನ ಹೆಂಡತಿ ಅವತ್ತಿನಿಂದ ಅತ್ತಿರಲಿಲ್ಲ. ಕೊಟ್ಟರೆ ಉಣ್ಣುತ್ತಾಳೆ, ಮಲಗಿಸಿದರೆ ಮಲಗುತ್ತಾಳೆ. ಮಾತಿಲ್ಲ, ಕಥೆಯಿಲ್ಲ, ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಏನನ್ನೋ ಕಾಯುವವಳ ಹಾಗೆ ಕೂತಿರುತ್ತಾಳೆ. ಅವಳ ಅಕ್ಕ ಹೆದರಿ ಡಾಕ್ಟರನ್ನೂ ಕರೆಸಿದ್ದಳು. ನಿನ್ನೆ ಮಾಮ ನೋಡಲು ಹೋದಾಗ ಅವಳು ಮೊದಲ ಸಲ ಬಾಯಿ ಬಿಟ್ಟಳು. "ಬೆಳಿಗ್ಗೆ ಷಟರ್ ಎತ್ತಿದ ತಕ್ಷಣ ಹಾಕ್ತಿದ್ರಲ್ಲ, ಆ ಹಾಡು ಒಂದ್ಸಲ ಕೇಳಿಸ್ತೀರಾ?" ಅಷ್ಟೇ. ಮೆಟ್ಟಿಲ ಮೇಲೆ ಅಕ್ಕ ಮಾಮನ ತೋಳು ಹಿಡಿದುಕೊಂಡು, ಹೇಗಾದರೂ ಮಾಡಿ, ಇದೊಂದು ಆದರೆ ಅವಳು ಅತ್ತಾಳು, ಇಲ್ಲವಾದರೆ ನನ್ನ ತಂಗಿಯೂ ಕೈಬಿಟ್ಟು ಹೋಗುತ್ತಾಳೆ ಎಂದಿದ್ದಳು.

ಬೆಲ್ಟೇನೋ ಮಾಮನ ಹತ್ತಿರವೇ ಇತ್ತು. ರೇಡಿಯೊ, ಗಡಿಯಾರ, ಇಸ್ತ್ರಿ ಪೆಟ್ಟಿಗೆ ಅಂತ ಊರಿನ ಕೆಟ್ಟದ್ದನ್ನೆಲ್ಲ ಸರಿಮಾಡುವವನು, ಈ ಯಂತ್ರಕ್ಕೆಂದೇ ಹೊಸ ಬೆಲ್ಟು ತಂದಿಟ್ಟು ವರ್ಷಗಳಾಗಿದ್ದವು. ಹಾಕಲು ತಟ್ಟೆಯಣ್ಣ ಬಿಡಬೇಕಲ್ಲ. ಬೆಲ್ಟು ಸಡಿಲಾಗಿದೆ, ಗ್ರೀಸು ಒಣಗಿದೆ, ಎಲ್ಲಾ ಹಾಡೂ ನಿಧಾನವಾಗಿ ಎಳೆಯುತ್ತದೆ ಎಂದು ಇವನು ಹೋದಾಗಲೆಲ್ಲ ಗೊಣಗುವುದು, ಅವನು ನಗುವುದು. "ಎಳೀಲಿ ಬಿಡೋ. ನಮ್ಮನ್ನೇನು ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?"

ಬದುಕಿದ್ದಾಗ ಮುಟ್ಟಲು ಬಿಡಲಿಲ್ಲ, ಹೋದ ಮೇಲಾದರೂ ಗೆಳೆಯನ ಯಂತ್ರ ನೆಟ್ಟಗಾಗಲಿ ಎಂದುಕೊಂಡು ಮಾಮ ಕೂತ. ಒಣಗಿದ ಗ್ರೀಸು ಕೆರೆದ, ಎಣ್ಣೆ ಬಿಟ್ಟ, ಹೊಸ ಬೆಲ್ಟು ಏರಿಸಿದ, ವೇಗ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಹೊಂದಿಸಿದ. ಕಣ್ಣು ಎರಡು ಸಲ ಮಂಜಾಯಿತು. ಒರೆಸಿಕೊಂಡು ಮತ್ತೆ ಕೂತ. ಇಷ್ಟು ಪ್ರೀತಿಯಿಂದ ಅವನು ತನ್ನ ಮನೆಯ ರೇಡಿಯೊವನ್ನೂ ರಿಪೇರಿ ಮಾಡಿರಲಿಲ್ಲ.

ಸಂಜೆ ಜನ ಬಂದರು. ಒಳಗೆ ಜಾಗ ಸಾಲದೆ ಅರ್ಧ ಜನ ಬೀದಿಯಲ್ಲೇ ನಿಂತರು. ಬ್ರೆಡ್ ಅಂಗಡಿಯವನು ಹಿಟ್ಟಿನ ಕೈಯನ್ನೂ ತೊಳೆಯದೆ ಬಂದಿದ್ದ. ಅಕ್ಕನ ಕೈ ಹಿಡಿದುಕೊಂಡು ತಟ್ಟೆಯಣ್ಣನ ಹೆಂಡತಿ ಇಳಿದು ಬಂದಾಗ ಎಲ್ಲರೂ ದಾರಿ ಬಿಟ್ಟರು. ಮಾಮ ತಟ್ಟೆಯನ್ನಿಟ್ಟು ಮುಳ್ಳು ಇಳಿಸಿದ.

ಹಾಡು ಶುರುವಾಯಿತು. ಚುರುಕಾಗಿ, ಶುಭ್ರವಾಗಿ, ಹರೆಯದ ಹುಡುಗಿಯ ದನಿಯಲ್ಲಿ. ಅವಳು ಮುಖ ಎತ್ತಿದಳು. ಇಷ್ಟು ದಿನ ಕಾಯುತ್ತಿದ್ದದ್ದು ಬಂತೆನ್ನುವ ಹಾಗೆ ಕಣ್ಣರಳಿತು, ಮರುಗಳಿಗೆಯೇ ಬಾಡಿತು.

"ಇದಲ್ಲ," ಎಂದಳು.

ಇದೇ ಎಂದು ಬ್ರೆಡ್ಡಿನವನು ಆಣೆಯಿಟ್ಟ, ಆದರೆ ಆಣೆಯಿಡುವಾಗಲೇ ಅವನ ದನಿ ಅನುಮಾನಿಸಿತು. ಪದ ಅದೇ, ಆದರೆ ಹಾಡಿದವಳು ಬೇರೆ ಇರಬೇಕು ಎಂದಳು ಶಾಲೆಯ ಟೀಚರಮ್ಮ. ಸರಿ, ನಾಲ್ಕಾರು ಜನ ಪೆಟ್ಟಿಗೆಗಳಿಗೆ ಕೈಹಾಕಿ ಹುಡುಕತೊಡಗಿದರು. ಅವಳು ಮಾತ್ರ ಯಾರನ್ನೂ ನೋಡದೆ ಮೆಟ್ಟಿಲ ಕಡೆ ತಿರುಗಿದಳು. ಅಕ್ಕ ಮಾಮನನ್ನು ನೋಡಿದ ನೋಟವಿದೆಯಲ್ಲ, ಅದು ಯಾವ ಶತ್ರುವಿಗೂ ಬೇಡ.

ಮಾಮ ಬಗ್ಗಿ ತಟ್ಟೆಯನ್ನು ನೋಡಿದ. ಅದೇ ತಟ್ಟೆ, ದಿನಾ ಹಿಡಿದು ಹಿಡಿದು ಅಂಚಿನಲ್ಲಿ ಬಣ್ಣ ಹೋದದ್ದು. ಆಗ ಅವನಿಗೆ ಹೊಳೆಯಿತು. ಮಾಡಿದ್ದುಣ್ಣೋ ಮಹಾರಾಯ. ಈ ಬೀದಿ ಆ ಹಾಡನ್ನು ಸರಿಯಾಗಿ ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದೆಲ್ಲ ಸಡಿಲ ಬೆಲ್ಟಿನ, ಎಳೆದೆಳೆದು ಬರುವ ಹಾಡನ್ನೇ. ಅದನ್ನೇ ಅವನು ಎಣ್ಣೆ ಹಾಕಿ ತೊಳೆದುಬಿಟ್ಟಿದ್ದ.

ಹೇಳಿಬಿಡೋಣ ಅನ್ನಿಸಿತು. ಹೇಳುವುದಾದರೂ ಏನನ್ನು? ಇಷ್ಟು ವರ್ಷ ನೀವು ಕೇಳಿದ್ದೇ ತಪ್ಪು ಅಂತಲೇ?

"ಅತ್ತಿಗೆ, ಒಂದ್ನಿಮಿಷ ಇರಿ. ನಾನೇ ತಪ್ಪಾಗಿ ಹಾಕ್ದೆ."

ಜನರಿಗೆ ಬೆನ್ನು ಮಾಡಿ ನಿಂತು ಮುಳ್ಳನ್ನು ಮತ್ತೆ ಮೊದಲಿಗಿಟ್ಟ. ತಿರುಗುವ ಚಕ್ರದ ಅಂಚಿಗೆ ಹೆಬ್ಬೆರಳು ಒತ್ತಿದ. ಒತ್ತು ಹೆಚ್ಚಾಗಿ ಹಾಡು ಎಮ್ಮೆಯ ಹಾಗೆ ನರಳಿತು. ಯಾರೋ ಗಾಬರಿಯಲ್ಲಿ ನಕ್ಕರು. ಬೆವರು ಕಣ್ಣಿಗಿಳಿಯಿತು. ಸ್ವಲ್ಪ ಸಡಿಲಿಸಿದ, ಇನ್ನೂ ಸ್ವಲ್ಪ. ವರ್ಷಗಟ್ಟಲೆ ತಪ್ಪು ತಪ್ಪು ಎಂದು ಗೊಣಗಿದವನಿಗೆ ಆ ತಪ್ಪು ಕಂಠಪಾಠವಾಗಿತ್ತು. ಹುಡುಗಿಯ ದನಿ ಮೆಲ್ಲಗೆ ದಪ್ಪಗಾಯಿತು, ವಯಸ್ಸಾಯಿತು, ಹೋಗುವುದಕ್ಕೆ ಎಲ್ಲೂ ಅವಸರವಿಲ್ಲದ ಹೆಂಗಸಿನ ದನಿಯಾಯಿತು.

ಪೆಟ್ಟಿಗೆ ಹುಡುಕುತ್ತಿದ್ದ ಕೈಗಳು ನಿಂತವು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದವಳು ಅಲ್ಲಿಯೇ ನಿಂತಳು, ಆಮೇಲೆ ಅಲ್ಲಿಯೇ ಕುಸಿದು ಕೂತಳು. ಬಾಯಿಗೆ ಕೈ ಅಡ್ಡ ಹಿಡಿದಳು, ಕೈಗೂ ನಿಲ್ಲದೆ ಅಳು ಬಂತು, ಒಳಗಿದ್ದದ್ದೆಲ್ಲ ಕಿತ್ತು ಬರುವ ಹಾಗೆ. ಅಕ್ಕ ಅವಳನ್ನು ತಬ್ಬಿಕೊಂಡು, ಅಳು ನನ್ನವ್ವ, ಅಳು ಎನ್ನುತ್ತ ತಾನೂ ಅತ್ತಳು.

ಹಾಡು ಮುಗಿಯಿತು.

"ಇನ್ನೊಂದ್ಸಲ," ಎಂದಳು ಅವಳು.

ಮಾಮ ಹೆಬ್ಬೆರಳು ತೆಗೆಯದೆ ಎಡಗೈಯಲ್ಲೇ ಮುಳ್ಳು ಎತ್ತಿಟ್ಟ. ಬೆರಳ ತುದಿ ಉರಿಯುತ್ತಿತ್ತು. ಎರಡನೇ ಸಲ ಮುಗಿದಾಗ ಅವಳು ಮತ್ತೆ ಕೇಳಿದಳು. ಮೂರನೆಯ ಸಲ ನಡುವಿನಲ್ಲಿ ಕೈ ಸಣ್ಣಗೆ ನಡುಗತೊಡಗಿತು, ಹಾಡೂ ನಡುಗಿತು. ಈಗ ಸಿಕ್ಕಿಬಿದ್ದೆ ಎಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಯಾರೋ ಬಂದು ನಿಂತಂತಾಯಿತು. ಕ್ಷೌರದವನು. ಅವನು ಮಾಮನ ಬೆರಳನ್ನು ನೋಡಿದ, ಮುಖವನ್ನು ನೋಡಿದ. ಅಂಗಿಯ ತೋಳು ಮಡಚಿಕೊಂಡು ತನ್ನ ಹೆಬ್ಬೆರಳನ್ನು ಮಾಮನ ಬೆರಳಿನ ಪಕ್ಕಕ್ಕೆ ತಂದು ಚಕ್ರಕ್ಕೆ ಒತ್ತಿದ.

"ಇನ್ನೂ ಸ್ವಲ್ಪ ಹಗುರ," ಎಂದು ಮಾಮ ಪಿಸುಗುಟ್ಟಿ, ಹಾಡು ಅಲುಗದಂತೆ ತನ್ನ ಬೆರಳನ್ನು ಮೆಲ್ಲಗೆ ಎತ್ತಿದ.